ಜಾರುವ ಡಾನ್ಸ್ ಪ್ಯಾಡ್‌ಗೆ ಮನೆಯಲ್ಲೇ ಒಂದು ಹಲಗೆ

ಪ್ರಶ್ನೆ: ಮೈಸೂರಿನ ಅಪಾರ್ಟ್‌ಮೆಂಟಿನಲ್ಲಿ ಎರಡನೇ ಮಹಡಿಯಲ್ಲಿದ್ದೇವೆ. 11 ವರ್ಷದ ಮಗಳಿಗೆ ಹುಟ್ಟುಹಬ್ಬಕ್ಕೆ ಆನ್‌ಲೈನ್‌ನಲ್ಲಿ ಡಾನ್ಸ್ ಪ್ಯಾಡ್ ತರಿಸಿದೆವು. ಮಡಚಿ ಇಡುವಂಥ ಮೆತ್ತನೆಯ ಪ್ಯಾಡ್. ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ವೈರ್ ಹಾಕಿ ಸ್ಟೆಪ್‌ಮೇನಿಯಾ ಅನ್ನೋ ಆಟ ಆಡುತ್ತಾಳೆ. ಹಾಡಿನ ತಾಳಕ್ಕೆ ಪರದೆಯಲ್ಲಿ ಬರುವ ಬಾಣ ನೋಡಿ ಪ್ಯಾಡ್ ಮೇಲಿನ ಅದೇ ಬಾಣ ತುಳಿಯಬೇಕು. ಸೌಂಡ್‌ಗೆ ಬ್ಲೂಟೂತ್ ಸ್ಪೀಕರ್. ನಮ್ಮದು ವಿಟ್ರಿಫೈಡ್ ಟೈಲ್ಸ್ ನೆಲ. ಎರಡು ಹಾಡು ಮುಗಿಯುವಷ್ಟರಲ್ಲಿ ಪ್ಯಾಡ್ ಒಂದಡಿ ಸರಿದಿರುತ್ತದೆ, ನಡುವೆ ಉಬ್ಬಿರುತ್ತದೆ. ಎಡ ಬಾಣ ಆಗಾಗ ಕೈಕೊಡುತ್ತದೆ. ಎಡ, ಬಲ ಎರಡನ್ನೂ ಒಟ್ಟಿಗೆ ತುಳಿಯುವ ಜಂಪ್ ಅಂತೂ ಒಂದು ದಿನವೂ ಬಂದಿಲ್ಲ. "ನಂಗೆ ತಾಳ ಬರಲ್ಲ" ಅಂತ ಅಳುತ್ತಾಳೆ. ಪ್ಯಾಡ್ ಕೂರಿಸಲು ಒಂದು ಹಲಗೆ ಮಾಡಿಕೊಡಲು ಕಾರ್ಪೆಂಟರ್ 4,500 ರೂಪಾಯಿ ಕೇಳಿದರು, ಪ್ಯಾಡ್‌ಗೇ ಅಷ್ಟು ಕೊಟ್ಟಿಲ್ಲ. ಹಳೆಯ ಮಂಚದ ಪ್ಲೈವುಡ್‌ಗೆ ಮೊಳೆ ಹೊಡೆದುಬಿಡೋಣ ಅಂತಾರೆ ನಮ್ಮ ಯಜಮಾನರು. ಕೆಳಗೆ ದಪ್ಪ ಫೋಮ್ ಹಾಸಿ ಅಂತ ಅಂಗಡಿಯವರು ಹೇಳಿದರು. ನಾದಿನಿಯ ಮಗ, ಮೇಲೆ ಅಕ್ರಿಲಿಕ್ ಶೀಟ್ ಅಂಟಿಸಿದರೆ ಮಾಲ್‌ನ ಮಷೀನ್ ಥರಾನೇ ಆಗುತ್ತೆ ಅಂತಾನೆ. ಸದ್ದು ಜಾಸ್ತಿ ಅಂತ ಕೆಳಗಿನ ಮನೆಯವರು ಎರಡು ಸಲ ಬಂದು ಹೇಳಿ ಹೋದರು. ಬೆವರಿದ ಕಾಲಿಗೆ ಶಾಕ್ ಹೊಡೆಯುತ್ತಾ ಅನ್ನೋ ಭಯ ಬೇರೆ. 1,000 ರೂಪಾಯಿ ಒಳಗೆ ಏನಾದರೂ ಮಾಡಬಹುದಾ?

ಉತ್ತರ: ಮಾಡಬಹುದು. ಆದರೆ ಹಲಗೆಗಿಂತ ಮೊದಲು ನಿಮ್ಮ ಮಗಳ ವಿಷಯ. ಅವಳಿಗೆ ತಾಳ ಬರುವುದಿಲ್ಲ ಅಂತ ಈಗಿನ ಪರಿಸ್ಥಿತಿಯಲ್ಲಿ ಯಾರೂ ಹೇಳಲಾರರು. ನಿಮ್ಮ ಪತ್ರ ಓದಿದರೆ ತಪ್ಪು ಅವಳದಲ್ಲ, ಅವಳ ಕಾಲ ಕೆಳಗಿರುವ ಸಾಮಾನಿನದು ಅಂತ ನನಗೆ ಹೆಚ್ಚುಕಡಿಮೆ ಖಾತ್ರಿಯಾಗಿದೆ.

ಸ್ಟೆಪ್‌ಮೇನಿಯಾದ ಮಾಮೂಲಿ ಸೆಟ್ಟಿಂಗ್‌ನಲ್ಲಿ ಒಂದು ಹೆಜ್ಜೆಗೆ 'ಪರ್ಫೆಕ್ಟ್' ಸಿಗಬೇಕಾದರೆ, ತಾಳ ಬಿದ್ದ ಕ್ಷಣದಿಂದ ಹಿಂದೆ ಮುಂದೆ 45 ಮಿಲಿಸೆಕೆಂಡ್ ಒಳಗೆ ಬಾಣ ಒತ್ತಬೇಕು. 180 ಮಿಲಿಸೆಕೆಂಡ್ ದಾಟಿದರೆ ಪೂರ್ತಿ ಮಿಸ್. ಬ್ಲೂಟೂತ್ ಸ್ಪೀಕರ್‌ನಲ್ಲಿ ಹಾಡು ಕಿವಿಗೆ ಬೀಳುವಷ್ಟರಲ್ಲಿ ನೂರು ಮಿಲಿಸೆಕೆಂಡ್‌ಗೂ ಜಾಸ್ತಿ ತಡವಾಗಿರುವುದು ಸಾಮಾನ್ಯ. ಅಂದರೆ ಮಗು ಕಿವಿಯಲ್ಲಿ ಕೇಳಿದ ತಾಳಕ್ಕೆ ಸರಿಯಾಗಿ ಹೆಜ್ಜೆ ಇಟ್ಟರೂ ಆಟ ಅದನ್ನು ತಡ ಅಂತಲೇ ಎಣಿಸುತ್ತದೆ. ಇವತ್ತೇ ಆ ಸ್ಪೀಕರ್ ಬಿಟ್ಟು ವೈರ್ ಇರುವ ಸ್ಪೀಕರ್ ಹಾಕಿ, ಇಲ್ಲವೇ ಲ್ಯಾಪ್‌ಟಾಪ್‌ನ ಸ್ಪೀಕರ್‌ನಲ್ಲೇ ಆಡಲಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ವ್ಯತ್ಯಾಸ ಅವಳಿಗೆ ಮೊದಲ ಹಾಡಿನಲ್ಲೇ ಗೊತ್ತಾಗುತ್ತದೆ.

ಗೇಮ್ ಕಂಟ್ರೋಲರ್, ಕೀಬೋರ್ಡ್ ರಿಪೇರಿ ನನ್ನ ಕೆಲಸ. ಮೆತ್ತನೆಯ ಡಾನ್ಸ್ ಪ್ಯಾಡ್‌ಗಳು ಬಂದಾಗ ಹತ್ತರಲ್ಲಿ ಒಂಬತ್ತು ಜನ "ಇದು ಹಾಳಾಗಿದೆ" ಅಂತಲೇ ಕೊಡುತ್ತಾರೆ. ಬಿಚ್ಚಿ ನೋಡಿದರೆ ಕೆಲವು ನಿಜವಾಗಿಯೂ ಹಾಳಾಗಿರುತ್ತವೆ. ಕೆಲವಕ್ಕೆ ಬೇಕಾಗಿದ್ದದ್ದು ಕೆಳಗೊಂದು ಗಟ್ಟಿ ನೆಲೆ ಅಷ್ಟೇ. ನಿಮ್ಮದರಲ್ಲಿ ಎರಡೂ ಸ್ವಲ್ಪ ಸ್ವಲ್ಪ ಇದ್ದ ಹಾಗಿದೆ. ಹಾಗಾಗಿ ಹಲಗೆಯಿಂದ ಯಾವುದು ಸರಿಹೋಗುತ್ತದೆ, ಯಾವುದು ಹೋಗುವುದಿಲ್ಲ ಅನ್ನೋದನ್ನು ಮೊದಲು ಬೇರ್ಪಡಿಸೋಣ.

ಪ್ಯಾಡ್‌ನ ಒಳಗೆ ಏನಿದೆ ಅಂತ ಗೊತ್ತಾದರೆ ಉಳಿದದ್ದೆಲ್ಲ ಸುಲಭ. ಅಂಚಿನ ಹೊಲಿಗೆ ಬಿಚ್ಚಿದರೆ ಎರಡು ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಸಿಗುತ್ತವೆ. ಹಾಳೆಗಳ ಮೇಲೆ ಕಪ್ಪು ಶಾಯಿಯಲ್ಲಿ ಪ್ರಿಂಟ್ ಮಾಡಿದ ಗೆರೆಗಳಿರುತ್ತವೆ. ಅದು ಕಾರ್ಬನ್ ಶಾಯಿ, ಕರೆಂಟ್ ಹರಿಯೋದು ಅದರಲ್ಲೇ. ಎರಡು ಹಾಳೆಗಳ ನಡುವೆ ಒಂದು ಫೋಮ್ ಪದರ. ಬಾಣ ಇರುವ ಜಾಗದಲ್ಲಿ ಆ ಫೋಮ್‌ಗೆ ತೂತುಗಳನ್ನು ಕತ್ತರಿಸಿರುತ್ತಾರೆ. ಕಾಲಿಟ್ಟಾಗ ಮೇಲಿನ ಹಾಳೆ ಆ ತೂತಿನೊಳಗೆ ಇಳಿದು ಕೆಳಗಿನ ಹಾಳೆಗೆ ತಾಗುತ್ತದೆ. ಆಟಕ್ಕೆ ಹೆಜ್ಜೆ ಗೊತ್ತಾಗುವುದು ಆಗ. ಕಾಲೆತ್ತಿದರೆ ಫೋಮ್ ಹಾಳೆಗಳನ್ನು ಮತ್ತೆ ದೂರ ಮಾಡುತ್ತದೆ. ಅಷ್ಟೇ ಇರುವುದು. ಟಿವಿ ರಿಮೋಟ್‌ನ ಗುಂಡಿಯ ಕೆಳಗೆ ನಡೆಯುವುದೂ ಹೆಚ್ಚುಕಡಿಮೆ ಇದೇ.

ಈಗ ಮಗಳ ಕಾಲನ್ನು ಪಕ್ಕದಲ್ಲಿ ಕೂತು ನೋಡಿ. ಹೆಜ್ಜೆ ಯಾವತ್ತೂ ನೇರ ಕೆಳಗೆ ಬೀಳುವುದಿಲ್ಲ. ನಡುವಿನಿಂದ ಹೊರಗೆ ಚಾಚಿ ತುಳಿಯುತ್ತಾಳೆ, ಹಾಗಾಗಿ ಪ್ರತಿ ಹೆಜ್ಜೆಯೂ ಪ್ಯಾಡನ್ನು ಸ್ವಲ್ಪ ಹೊರಗೆ ತಳ್ಳುತ್ತದೆ. ಕಾಲನ್ನು ಒಳಗೆ ತಂದಾಗ ಅದೇ ಪ್ಯಾಡನ್ನು ಒಳಗೆ ಎಳೆಯುತ್ತಾಳೆ. ನುಣ್ಣನೆಯ ಟೈಲ್ಸ್ ಮೇಲೆ ಪ್ಯಾಡ್‌ಗೆ ಹಿಡಿತವೇ ಇಲ್ಲ. ಬಾಣ ಎರಡು ಇಂಚು ಸರಿದಿರುತ್ತದೆ, ಅವಳು ಮಾತ್ರ ಅದು ಮೊದಲಿದ್ದ ಜಾಗಕ್ಕೇ ಕಾಲಿಡುತ್ತಾಳೆ. ಕಾಲು ತೂತಿನ ಮೇಲೆ ಬೀಳದೆ ಅದರ ಪಕ್ಕದ ಫೋಮ್ ಮೇಲೆ ಬೀಳುತ್ತದೆ. ಹೆಜ್ಜೆ ಇಟ್ಟಾಯಿತು, ಬಾಣ ಹತ್ತಲಿಲ್ಲ. ಉಬ್ಬಿದ ಕಡೆ ಆಗುವುದು ಇದರ ಉಲ್ಟಾ. ಮಡಿಕೆಯಲ್ಲಿ ಎರಡು ಹಾಳೆ ಒಂದಕ್ಕೊಂದು ಒತ್ತಿಕೊಂಡು, ಯಾರೂ ತುಳಿಯದೆಯೇ ಬಾಣ ಹತ್ತಿದಂತೆ ಆಗಬಹುದು.

ಹಲಗೆ ಸರಿಮಾಡುವುದು ಈ ಎರಡನ್ನು, ಜಾರುವುದು ಮತ್ತು ಉಬ್ಬುವುದು. ಇದರ ಜೊತೆಗೆ ಹೊಸ ಮಡಿಕೆ ಬೀಳದಂತೆ ತಡೆದು ಪ್ಯಾಡ್‌ನ ಆಯುಸ್ಸು ಹೆಚ್ಚಿಸುತ್ತದೆ. ಮುರಿದ ಗೆರೆಯನ್ನು ಹಲಗೆ ಜೋಡಿಸುವುದಿಲ್ಲ, ಸೂಕ್ಷ್ಮತೆಯನ್ನೂ ಹೆಚ್ಚಿಸುವುದಿಲ್ಲ.

ಆದ್ದರಿಂದ ಪ್ಲೈವುಡ್ ಅಂಗಡಿಗೆ ಹೋಗುವ ಮೊದಲು ಹತ್ತು ನಿಮಿಷದ ಒಂದು ಪರೀಕ್ಷೆ ಮಾಡಿ. ಪ್ಯಾಡನ್ನು ನೆಲದ ಮೇಲೆ ಸಪಾಟಾಗಿ ಹಾಸಿ. ಸ್ಟೆಪ್‌ಮೇನಿಯಾದ ಆಯ್ಕೆಗಳಲ್ಲಿ 'ಟೆಸ್ಟ್ ಇನ್‌ಪುಟ್' ಅಂತ ಒಂದು ಪರದೆ ಇದೆ, ಅದನ್ನು ತೆರೆಯಿರಿ. ಮಗಳು ಪರದೆ ನೋಡುತ್ತಿರಲಿ, ನೀವು ಅಂಗೈಯಿಂದ ಪ್ರತಿ ಬಾಣದ ನಡುವೆ ಮತ್ತು ನಾಲ್ಕು ಮೂಲೆಗಳಲ್ಲಿ ಒತ್ತಿ. ಕೈಯಲ್ಲಿ ಒತ್ತಿದಾಗ ಎಡ ಬಾಣ ಪ್ರತಿ ಸಲವೂ ಬಂದರೆ, ಆಡುವಾಗ ಕೈಕೊಡಲು ಕಾರಣ ಜಾರುವುದೇ. ಹಲಗೆ ಅದನ್ನು ಸರಿಮಾಡುತ್ತದೆ. ಕೈಯಲ್ಲಿ ಒತ್ತಿದರೂ ಬಿಟ್ಟು ಬಿಟ್ಟು ಬಂದರೆ ಒಳಗೆ ಏನೋ ಆಗಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಆಮೇಲೆ ಎಡ, ಬಲ ಎರಡನ್ನೂ ಎರಡು ಕೈಯಲ್ಲಿ ಒಟ್ಟಿಗೆ ಒತ್ತಿ. ಜಂಪ್ 'ಒಂದು ದಿನವೂ ಬಂದಿಲ್ಲ' ಅಂತ ಬರೆದಿದ್ದೀರಲ್ಲ, ಆ ಮಾತೇ ನನಗೆ ದೊಡ್ಡ ಸುಳಿವು. ಕೆಟ್ಟ ಸ್ವಿಚ್ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಯಾವತ್ತೂ ಬರುವುದಿಲ್ಲ ಅಂದರೆ ಅದು ಬೇರೆ ಕಥೆ. ಕೆಲವು ಅಗ್ಗದ ಪ್ಯಾಡ್‌ಗಳು ನಾಲ್ಕು ಬಾಣಗಳನ್ನು ನಾಲ್ಕು ಬೇರೆ ಗುಂಡಿಗಳಾಗಿ ಕಂಪ್ಯೂಟರ್‌ಗೆ ಹೇಳುವುದಿಲ್ಲ, ಜಾಯ್‌ಸ್ಟಿಕ್‌ನ ಒಂದೇ ಕೋಲಿನ ಹಾಗೆ ಹೇಳುತ್ತವೆ. ಕೋಲು ಎಡಕ್ಕೆ ವಾಲಬಹುದು, ಬಲಕ್ಕೆ ವಾಲಬಹುದು, ಎರಡೂ ಕಡೆ ಒಟ್ಟಿಗೆ ವಾಲಲು ಆಗುವುದಿಲ್ಲ ಅಲ್ವಾ? ಹಾಗಾಗಿ ಎರಡನ್ನೂ ತುಳಿದಾಗ ಒಂದನ್ನೊಂದು ವಜಾ ಮಾಡಿಬಿಡುತ್ತವೆ. ಮೇಲೆ, ಕೆಳಗೆ ಬಾಣಗಳಿಗೂ ಇದೇ ಗತಿ. ಎಡದ ಜೊತೆ ಮೇಲಿನ ಬಾಣ ಬಂದು, ಎಡದ ಜೊತೆ ಬಲ ಬರದಿದ್ದರೆ ನಿಮ್ಮದು ಇದೇ ಕಾಯಿಲೆ. ಹಲಗೆಗೆ ಎಷ್ಟು ಖರ್ಚು ಮಾಡಿದರೂ ಇದು ಹೋಗುವುದಿಲ್ಲ. ಪ್ಯಾಡ್ ಜೊತೆ ಬಂದ ಕಾಗದದಲ್ಲಿ ಮೋಡ್ ಬದಲಿಸುವ ದಾರಿ ಇದೆಯಾ ನೋಡಿ. ಕೆಲವು ಪ್ಯಾಡ್‌ಗಳಲ್ಲಿ ಯಾವುದೋ ಗುಂಡಿ ಒತ್ತಿಕೊಂಡೇ ವೈರ್ ಚುಚ್ಚಿದರೆ ಮೋಡ್ ಬದಲಾಗುತ್ತದೆ. ಅಂಥದ್ದೇನೂ ಇಲ್ಲದಿದ್ದರೆ ಜಂಪ್ ಇಲ್ಲದ ಸುಲಭದ ಹಂತಗಳನ್ನು ಆರಿಸಿಕೊಳ್ಳಲಿ. ಮುಂದೆ ಪ್ಯಾಡ್ ಬದಲಿಸುವಾಗ ಇದನ್ನು ಕೇಳಿಯೇ ತಗೊಳ್ಳಿ.

ಇನ್ನು ಮನೆಯವರು ಕೊಟ್ಟ ಸಲಹೆಗಳು.

ಯಜಮಾನರ ಪ್ಲೈವುಡ್ ಯೋಚನೆ ಸರಿ, ಮೊಳೆ ಬೇಡ. ಮೊಳೆ ಹೊಡೆದ ಪ್ಯಾಡ್ ನನ್ನ ಮೇಜಿಗೆ ಬಂದಿದೆ. ಮೊದಲ ದಿನ ಮೊಳೆಯ ಸುತ್ತ ಗುಂಡನೆಯ ಸಣ್ಣ ತೂತು ಇದ್ದಿರಬೇಕು. ನಾನು ನೋಡುವ ಹೊತ್ತಿಗೆ ಅದು ಒಂದಿಂಚು ಉದ್ದದ ಸೀಳಾಗಿತ್ತು, ಏಕೆಂದರೆ ಪ್ರತಿ ಹೆಜ್ಜೆಯೂ ಪ್ಲಾಸ್ಟಿಕ್ಕನ್ನು ಆ ಮೊಳೆಗೇ ಎಳೆಯುತ್ತಿತ್ತು. ಒಂದು ಮೊಳೆ ಕಾರ್ಬನ್ ಗೆರೆಯ ನಡುವೆಯೇ ಇಳಿದಿತ್ತು, ಎರಡು ಬಾಣ ಶಾಶ್ವತವಾಗಿ ಸತ್ತಿದ್ದವು. ಎದ್ದ ಮೊಳೆಯ ತಲೆ ಬರಿಗಾಲಿಗೆ ಏನು ಮಾಡುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಫೋಮ್ ಹಾಸುವ ಸಲಹೆ ಕೇಳಲು ಚೆನ್ನಾಗಿದೆ, ಕಾಲಿಗೂ ಹಿತ. ಆದರೆ ಪ್ಯಾಡ್‌ಗೆ ಅದು ಶತ್ರು. ಕೆಳಗೆ ಗಟ್ಟಿ ಇದ್ದರೆ ಕಾಲಿನ ಭಾರ ನೇರವಾಗಿ ಎರಡು ಹಾಳೆಗಳನ್ನು ಒತ್ತುತ್ತದೆ. ಕೆಳಗೂ ಮೆತ್ತಗಿದ್ದರೆ ಇಡೀ ಪ್ಯಾಡೇ ಹಿಮ್ಮಡಿಯ ಸುತ್ತ ಗುಳಿ ಬೀಳುತ್ತದೆ. ಹಾಳೆಗಳು ಬಾಗುತ್ತವೆ, ಗೆರೆಗಳು ಹಿಗ್ಗುತ್ತವೆ, ತಾಗುವುದು ತಡವಾಗುತ್ತದೆ. ದಪ್ಪ ಕಾರ್ಪೆಟ್ ಮೇಲೆ, ಹಾಸಿಗೆ ಮೇಲೆ ಆಡಿದ ಪ್ಯಾಡ್‌ಗಳು ಬೇಗ ಕೆಡುವುದು ಇದಕ್ಕೇ. ಮೆತ್ತನೆಯದು ಬೇಕು, ಖಂಡಿತ ಬೇಕು, ಆದರೆ ಅದರ ಜಾಗ ಹಲಗೆಯ ಕೆಳಗೆ. ಪ್ಯಾಡ್‌ನ ಕೆಳಗೆ ಗಟ್ಟಿ, ಗಟ್ಟಿಯ ಕೆಳಗೆ ಮೆತ್ತಗೆ. ಈ ಉತ್ತರದಲ್ಲಿ ಬೇರೇನು ಮರೆತರೂ ಈ ಕ್ರಮ ಮರೆಯಬೇಡಿ.

ಅಕ್ರಿಲಿಕ್ ವಿಷಯಕ್ಕೆ ಬಂದರೆ, ಮಾಲ್‌ನ ಮಷೀನ್ ಪೂರ್ತಿ ಬೇರೆಯದೇ ವಸ್ತು. ಜಪಾನಿನ ಕೊನಾಮಿ ಕಂಪನಿ 1998ರಲ್ಲಿ ಡಾನ್ಸ್ ಡಾನ್ಸ್ ರೆವಲ್ಯೂಶನ್ ಮಷೀನ್ ತಂದಿತು. ಅದರಲ್ಲಿ ಪ್ರತಿ ಬಾಣವೂ ಲೋಹದ ಚೌಕಟ್ಟಿನಲ್ಲಿ ಕೂತ ಒಂದು ಪ್ರತ್ಯೇಕ ಗಟ್ಟಿ ಫಲಕ. ಆ ಫಲಕದ ನಾಲ್ಕು ಬದಿಗೂ ಕೆಳಗೆ ಒಂದೊಂದು ಸೆನ್ಸರ್ ಇರುತ್ತದೆ, ಎಲ್ಲಿ ತುಳಿದರೂ ಯಾವುದಾದರೂ ಒಂದು ಹತ್ತುತ್ತದೆ. ನಿಮ್ಮ ಪ್ಯಾಡ್ ಕೆಲಸ ಮಾಡುವುದು ಹಿಮ್ಮಡಿ ಅಥವಾ ಮುಂಗಾಲು ಆ ಫೋಮ್‌ನ ತೂತಿನೊಳಗೆ ಒತ್ತುವುದರಿಂದ. ಮೇಲೆ ಗಟ್ಟಿ ಶೀಟ್ ಹಾಕಿದರೆ ಭಾರ ಇಡೀ ಬಾಣದ ಮೇಲೆ ಹರಡಿ ಫೋಮ್ ಮೇಲೆ ಕೂರುತ್ತದೆ. ಆಗ ತೂತಿನಲ್ಲಿ ಹಾಳೆ ತಾಗಲು ಇನ್ನೂ ಜೋರಾಗಿ ತುಳಿಯಬೇಕು. ಅದನ್ನು ಸರಿಪಡಿಸಲು ಪ್ಯಾಡ್ ಬಿಚ್ಚಿ ಒಳಗಿನ ಫೋಮನ್ನು ಕತ್ತರಿಸಿ ತೆಗೆಯಬೇಕು. ಅನುಭವ ಇರುವವರು ಹಾಗೆ ಮಾಡುತ್ತಾರೆ, ಚೆನ್ನಾಗಿಯೂ ಬರುತ್ತದೆ. ಆದರೆ ಅವರು ಅಕ್ರಿಲಿಕ್ ಬಳಸುವುದಿಲ್ಲ, ಪಾಲಿಕಾರ್ಬೊನೇಟ್ ಬಳಸುತ್ತಾರೆ. ಅಕ್ರಿಲಿಕ್ ಬಿರುಕು ಬಿಟ್ಟರೆ ಗಾಜಿನಂತೆ ಚೂಪಾಗಿ ಒಡೆಯುತ್ತದೆ. 11 ವರ್ಷದ ಮಗು ಬರಿಗಾಲಲ್ಲಿ ಕುಣಿಯುವ ಜಾಗಕ್ಕೆ ನಾನು ಅದನ್ನು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ಶಾಕ್ ಭಯ ಬಿಡಿ. ಯುಎಸ್‌ಬಿಯಲ್ಲಿ ಬರುವುದು 5 ವೋಲ್ಟ್ ಮಾತ್ರ. ಬೆವರಿದ ಕಾಲಿದ್ದರೂ ಅದರಿಂದ ಶಾಕ್ ಹೊಡೆಯುವುದಿಲ್ಲ. ನೋಡಬೇಕಾದ್ದು ಒಂದೇ. ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿದಾಗ ಅದರ ಲೋಹದ ಭಾಗ ಮುಟ್ಟಿದರೆ ಜುಮ್ ಅನ್ನುತ್ತದಾ? ಹಾಗಿದ್ದರೆ ಅರ್ಥಿಂಗ್ ಸರಿಯಿಲ್ಲ, ಅಥವಾ ಎರಡು ಪಿನ್ನಿನ ಚಾರ್ಜರ್ ಇದೆ. ಆಡುವಾಗ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಆಡಲಿ, ಬಿಡುವಾದಾಗ ಎಲೆಕ್ಟ್ರಿಷಿಯನ್‌ಗೆ ಆ ಪ್ಲಗ್ ಪಾಯಿಂಟ್ ತೋರಿಸಿ.

ಈಗ ಹಲಗೆ.

ಪ್ಯಾಡನ್ನು ಅಳೆಯಿರಿ. ಇಂಥ ಪ್ಯಾಡ್‌ಗಳು ಸಾಮಾನ್ಯವಾಗಿ 93 ಸೆಂ.ಮೀ ಉದ್ದ, 82 ಸೆಂ.ಮೀ ಅಗಲದ ಆಸುಪಾಸಿನಲ್ಲಿರುತ್ತವೆ. ನಾಲ್ಕೂ ಕಡೆ ಐದೈದು ಸೆಂ.ಮೀ ಜಾಸ್ತಿ ಬಿಡಿ. ಪ್ಲೈವುಡ್ ಅಂಗಡಿಯಲ್ಲಿ ಇಂಚಿನಲ್ಲೇ ಮಾತಾಡುವುದು, ಆದ್ದರಿಂದ 41 ಇಂಚು × 37 ಇಂಚು ಅಂತ ಬರೆದುಕೊಂಡು ಹೋಗಿ. ಪೂರ್ತಿ ಶೀಟ್ 8 ಅಡಿ × 4 ಅಡಿ ಬರುತ್ತದೆ, ಅದು ನಿಮಗೆ ಬೇಡ. "ಕಟ್ ಪೀಸ್ ಇದೆಯಾ" ಅಂತ ಕೇಳಿ. ವಾರ್ಡ್‌ರೋಬ್, ಕಿಚನ್ ಕೆಲಸ ಮಾಡುವವರ ಹತ್ತಿರ ಉಳಿದ ತುಂಡುಗಳು ಇದ್ದೇ ಇರುತ್ತವೆ, ಬಿಡಿಗಾಸಿಗೆ ಕೊಡುತ್ತಾರೆ. ಅಲ್ಲೇ ಅಳತೆಗೆ ಕತ್ತರಿಸಿಕೊಡಲು ಕೇಳಿ, ಮಷೀನಿನಲ್ಲಿ ನೇರವಾಗಿ ಬರುತ್ತದೆ.

ದಪ್ಪ 12 ಎಂಎಂ ಇರಲಿ. ಈ ಅಳತೆಗೆ ಏಳೆಂಟು ಕೆ.ಜಿ ತೂಗುತ್ತದೆ, ನೀವೊಬ್ಬರೇ ಎತ್ತಿ ಗೋಡೆಗೆ ಒರಗಿಸಬಹುದು. 18 ಎಂಎಂ ಆದರೆ ಹನ್ನೊಂದು ಕೆ.ಜಿ ಮೇಲೆ. ದೊಡ್ಡವರೂ ಆಡುತ್ತೀರಿ ಅಂದರೆ ಅದು ಸರಿ, ಮಗಳಿಗಷ್ಟೇ ಆದರೆ ಬೇಡ. 6 ಎಂಎಂ ಬಾಗುತ್ತದೆ. ಮಾಮೂಲಿ ಕಮರ್ಷಿಯಲ್ ಪ್ಲೈ ಸಾಕು, ನೀರು ತಡೆಯುವ ದುಬಾರಿ ಮರೀನ್ ಪ್ಲೈಗೆ ದುಡ್ಡು ಸುರಿಯಬೇಡಿ. ಮರದ ನಾರು, ಪುಡಿ ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಮಾತ್ರ ತರಬೇಡಿ. ನಮ್ಮ ಮನೆಗಳಲ್ಲಿ ನೆಲ ಒರೆಸುವ ನೀರು ಅಂಚಿಗೆ ತಾಗದೆ ಇರುವುದಿಲ್ಲ. ಪಾರ್ಟಿಕಲ್ ಬೋರ್ಡ್ ಒಂದು ಸಲ ನೀರು ಕುಡಿದರೆ ಇಡ್ಲಿಯ ಹಾಗೆ ಊದಿಕೊಳ್ಳುತ್ತದೆ, ಸ್ಕ್ರೂ ಕೂಡ ಹಿಡಿಯುವುದಿಲ್ಲ.

ಮಂಚದ ಹಳೆಯ ಪ್ಲೈ ಸರಿಯಾಗಿದ್ದರೆ ಅದೂ ನಡೆಯುತ್ತದೆ, ಆಗ ಖರ್ಚು ಇನ್ನೂ ಕಡಿಮೆ. ಮೂರು ಪರೀಕ್ಷೆ ಮಾಡಿ. ನೆಲದ ಮೇಲಿಟ್ಟು ಮೂಲೆ ಒತ್ತಿ, ತೊಟ್ಟಿಲಿನಂತೆ ಆಡಿದರೆ ಸೊಟ್ಟಗಾಗಿದೆ ಅಂತ ಅರ್ಥ. ಬೆರಳ ಗಿಣ್ಣಿನಿಂದ ಅಲ್ಲಲ್ಲಿ ತಟ್ಟಿ, ಟೊಳ್ಳು ಸದ್ದು ಬಂದರೆ ಪದರ ಬಿಟ್ಟಿದೆ. ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಸಣ್ಣ ತೂತು, ಮಣ್ಣಿನ ಗೆರೆ ಕಂಡರೆ ಗೆದ್ದಲು ಹಿಡಿದಿದೆ, ಒಳಗೆ ತರಲೇಬೇಡಿ. ಎರಡು ತುಂಡು ಸೇರಿಸಿ ಮಾಡುವುದಾದರೆ ಸೇರುವ ಗೆರೆ ಯಾವ ಬಾಣದ ಕೆಳಗೂ ಬರಬಾರದು.

ಅಂಚು, ಮೂಲೆಗಳನ್ನು ಸ್ಯಾಂಡ್ ಪೇಪರ್‌ನಲ್ಲಿ ಚೆನ್ನಾಗಿ ಉಜ್ಜಿ. ಮೂಲೆಗಳು ಗುಂಡಾಗಲಿ. ಪ್ಲೈನ ಒಂದು ಸಿಬಿರು ಅಂಗಾಲಿಗೆ ಹೊಕ್ಕರೆ ಒಂದು ವಾರದ ಆಟ ಹೋಯಿತು. ಮನೆಯಲ್ಲಿ ಉಳಿದ ಪೇಂಟ್ ಇದ್ದರೆ ಅಂಚಿಗೆ ಎರಡು ಸಲ ಬಳಿದುಬಿಡಿ, ನೀರು ಒಳಗೆ ಹೋಗುವುದಿಲ್ಲ.

ಪ್ಯಾಡ್ ಕೂರಿಸುವ ಹಿಂದಿನ ದಿನ ಅದನ್ನು ಬಿಚ್ಚಿ ನೆಲದ ಮೇಲೆ ಹಾಸಿ. ಮಡಿಕೆಗಳ ಮೇಲೆ ದಪ್ಪ ಪುಸ್ತಕ ಇಟ್ಟು ಒಂದು ರಾತ್ರಿ ಬಿಡಿ. ಇಸ್ತ್ರಿ ಹಾಕಬೇಡಿ. ಮಡಿಕೆ ಹೋಗಲಿ ಅಂತ ಇಸ್ತ್ರಿ ಮಾಡಿದ ಪ್ಯಾಡನ್ನೂ ನಾನು ಬಿಚ್ಚಿದ್ದೇನೆ, ಒಳಗಿನ ಫೋಮ್ ಕರಗಿ ಎರಡೂ ಹಾಳೆಗೆ ಅಂಟಿಕೊಂಡಿತ್ತು.

ಮರುದಿನ ಹಲಗೆಯ ಮೇಲೆ ಮೊದಲು ಜಾರದಂತೆ ತಡೆಯುವ ಬಲೆಯಂಥ ತೆಳು ರಬ್ಬರ್ ಮ್ಯಾಟ್ ಹಾಸಿ. ಅಡುಗೆಮನೆಯ ಡ್ರಾಯರ್‌ಗೆ, ಕಾರ್ಪೆಟ್ ಕೆಳಗೆ ಹಾಕುತ್ತಾರಲ್ಲ, ಅದೇ. ತೆಳ್ಳಗಿರುವುದರಿಂದ ನೆಲೆ ಮೆತ್ತಗಾಗುವುದಿಲ್ಲ, ಪ್ಯಾಡ್‌ನ ನಡುಭಾಗ ಸರಿಯುವುದೂ ನಿಲ್ಲುತ್ತದೆ. ಅದರ ಮೇಲೆ ಪ್ಯಾಡ್. ನಡುವಿನಿಂದ ಹೊರಗೆ ಅಂಗೈಯಲ್ಲಿ ಸವರಿ ಸಪಾಟು ಮಾಡಿ, ಆದರೆ ಎಳೆಯಬೇಡಿ. ಎಳೆದು ಬಿಗಿದರೆ ಹಾಳೆಗಳು ತಾವಾಗಿಯೇ ತಾಗಿಕೊಂಡು ಬಾಣ ಹತ್ತಿದಂತೆಯೇ ಇರುತ್ತದೆ.

ಅಂಚನ್ನು ಹಿಡಿಯಲು ಬೀಡಿಂಗ್ ಪಟ್ಟಿ ಬಳಸಿ. ಒಂದಿಂಚು ಅಗಲ, 10 ಎಂಎಂ ದಪ್ಪದ ಮರದ ಪಟ್ಟಿ, ಒಟ್ಟು 12 ಅಡಿ ಸಾಕು. ಪಟ್ಟಿಯ ಒಳ ಅಂಚು ಪ್ಯಾಡ್‌ನ ಹೊಲಿಗೆಯ ಅಂಚಿನ ಮೇಲೆ ಒಂದು ಸೆಂ.ಮೀ ಮಾತ್ರ ಕೂರಲಿ. ಸ್ಕ್ರೂ ಬೀಳಬೇಕಾದ್ದು ಪ್ಯಾಡ್‌ನ ಹೊರಗೆ. ಪ್ಯಾಡ್‌ನ ಮೂಲಕ ಒಂದೇ ಒಂದು ಸ್ಕ್ರೂ ಕೂಡ ಹೋಗಬಾರದು. ಹೀಗೆ ಕೂರಿಸಿದಾಗ ಪಟ್ಟಿ ಒಳಗಡೆ ಎದ್ದು ಹೊರಗಡೆ ವಾಲುತ್ತದೆ, ಏಕೆಂದರೆ ಪ್ಯಾಡ್‌ನ ಅಂಚಿಗೆ ಎರಡು ಮೂರು ಎಂಎಂ ದಪ್ಪ ಇರುತ್ತದೆ. ಅಷ್ಟೇ ದಪ್ಪದ ರಟ್ಟನ್ನು ಉದ್ದಕ್ಕೆ ಕತ್ತರಿಸಿ ಪಟ್ಟಿಯ ಹೊರಭಾಗದ ಕೆಳಗೆ ಇಟ್ಟರೆ ಸಮ ಆಗುತ್ತದೆ. ಮುಕ್ಕಾಲು ಇಂಚಿನ ಸ್ಕ್ರೂ ತಗೊಳ್ಳಿ. ಉದ್ದದ್ದು ತಗೊಂಡರೆ ಹಲಗೆಯ ಕೆಳಗೆ ತೂರಿ ಟೈಲ್ಸ್ ಗೀರುತ್ತದೆ. 15 ಸೆಂ.ಮೀಗೆ ಒಂದರಂತೆ ಎರಡು ಡಜನ್ ಬೇಕಾಗುತ್ತದೆ. ಮೊದಲು ಸಣ್ಣ ಬಿಟ್‌ನಲ್ಲಿ ತೂತು ಮಾಡಿಕೊಳ್ಳಿ, ಇಲ್ಲದಿದ್ದರೆ ಪಟ್ಟಿ ಸೀಳುತ್ತದೆ. ಸ್ಕ್ರೂ ತಲೆ ಮರದೊಳಗೆ ಇಳಿದು ಕೂರಬೇಕು. ಬೆರಳಾಡಿಸಿದರೆ ಎಲ್ಲೂ ತಡೆಯಬಾರದು.

ವೈರ್ ಬರುವ ಪೆಟ್ಟಿಗೆಯ ಹತ್ತಿರ ಪಟ್ಟಿಯನ್ನು ಕತ್ತರಿಸಿ ಜಾಗ ಬಿಡಿ, ಪೆಟ್ಟಿಗೆಯನ್ನು ಒತ್ತಬೇಡಿ. ವೈರನ್ನು ಒಂದು ಸುತ್ತು ಸಡಿಲ ಬಿಟ್ಟು, ಗೋಡೆಗೆ ಕೇಬಲ್ ಹೊಡೆಯುವ ಪ್ಲಾಸ್ಟಿಕ್ ಕ್ಲಿಪ್‌ನಿಂದ ಹಲಗೆಗೆ ಹಿಡಿಸಿ. ಯಾರೋ ವೈರ್ ಎಡವಿದರೆ ಎಳೆತ ಕ್ಲಿಪ್‌ಗೆ ಬೀಳುತ್ತದೆ, ಒಳಗಿನ ಬೆಸುಗೆಗೆ ಬೀಳುವುದಿಲ್ಲ. ಇಡೀ ಕೆಲಸದಲ್ಲಿ ಇದು ಅತಿ ಅಗ್ಗದ ಭಾಗ, ಅತಿ ಹೆಚ್ಚು ಪ್ಯಾಡ್‌ಗಳನ್ನು ಉಳಿಸುವುದೂ ಇದೇ.

ಡ್ರಿಲ್ ಇಲ್ಲ, ಸ್ಕ್ರೂ ತಂಟೆ ಬೇಡ ಅಂದರೆ ವೆಲ್ಕ್ರೋ ಪಟ್ಟಿ ಅಂಟಿಸಿಯೂ ಕೂರಿಸಬಹುದು. ಬೇಕಾದಾಗ ಪ್ಯಾಡ್ ತೆಗೆಯಬಹುದು ಅನ್ನೋದು ಅದರ ಲಾಭ. ಪ್ಯಾಡ್‌ನ ತಳ ಬಟ್ಟೆಯಂತಿದ್ದರೆ ಅಂಟು ಕೆಲವೇ ದಿನಕ್ಕೆ ಬಿಡುತ್ತದೆ, ಮತ್ತೆ ಮತ್ತೆ ಹಾಕುತ್ತಿರಬೇಕು. ಗಮ್ ಟೇಪ್ ಇನ್ನೂ ಬೇಗ ಬಿಡುತ್ತದೆ, ಅದರ ಅಂಟು ಬೆವರಿಗೆ ಕರಗಿ ಕಾಲಿಗೆ ಹತ್ತುತ್ತದೆ. ಮರಕ್ಕೆ, ಮೈಕಾಕ್ಕೆ ಹಚ್ಚುವ ಘಾಟು ವಾಸನೆಯ ಅಂಟಂತೂ ಪ್ಯಾಡ್‌ಗೆ ತಾಗಿಸಲೇಬೇಡಿ, ಅದರ ದ್ರಾವಣ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಸುಕ್ಕುಗಟ್ಟಿಸುತ್ತದೆ. ಕಾರ್ಪೆಂಟರ್‌ರಿಂದಲೇ ಮಾಡಿಸುವುದಾದರೂ ಪೂರ್ತಿ ಕೆಲಸ ಕೊಡಬೇಡಿ. ಹಲಗೆ ಕತ್ತರಿಸಿ, ಪಟ್ಟಿ ಸ್ಕ್ರೂ ಮಾಡಿಕೊಡಿ ಅಂತ ಮಾತ್ರ ಹೇಳಿದರೆ ಅದು ಒಂದು ಗಂಟೆಯ ಕೆಲಸ.

ಹಲಗೆಯ ಕೆಳಗೆ ಮಕ್ಕಳ ಕೋಣೆಗೆ ಹಾಸುವ, ಒಂದಕ್ಕೊಂದು ಸಿಕ್ಕಿಸುವ ಫೋಮ್ ಮ್ಯಾಟ್ ಹಾಕಿ. ಜಿಮ್‌ನ ರಬ್ಬರ್ ಮ್ಯಾಟ್ ತುಂಡು ಸಿಕ್ಕರೆ ಇನ್ನೂ ಒಳ್ಳೆಯದು, ಭಾರ ಇರುವುದರಿಂದ ಜಾರುವುದೇ ಇಲ್ಲ. ಅಂಟಿಸಬೇಡಿ, ನೆಲ ಒರೆಸಲು ಎತ್ತುವಂತಿರಲಿ.

ಕೆಳಗಿನ ಮನೆಯ ವಿಷಯದಲ್ಲಿ ನಿಮಗೆ ಸುಳ್ಳು ಭರವಸೆ ಕೊಡಲಾರೆ. ಮ್ಯಾಟ್ ಹಾಕಿದರೆ ಟಪಟಪ ಸದ್ದು ಕಡಿಮೆಯಾಗುತ್ತದೆ. ಜಂಪ್ ಮಾಡಿದಾಗ ಸ್ಲ್ಯಾಬ್ ಮೂಲಕ ಹೋಗುವ 'ಧಡ್' ಪೂರ್ತಿ ಹೋಗುವುದಿಲ್ಲ. ಪ್ಯಾಡ್ ಇಡುವ ಜಾಗ ಬದಲಿಸಿದರೆ ಸ್ವಲ್ಪ ಉಪಯೋಗ ಆಗುತ್ತದೆ. ಹಾಲ್‌ನ ಮಧ್ಯದಲ್ಲಿ ಸ್ಲ್ಯಾಬ್ ಜಾಸ್ತಿ ಕಂಪಿಸುತ್ತದೆ, ಪಿಲ್ಲರ್ ಇರುವ ಮೂಲೆಯ ಕಡೆ, ಬೀಮ್ ಹತ್ತಿರ ಕಡಿಮೆ. ಆ ಕಡೆ ಸರಿಸಿ, ಆದರೆ ಗೋಡೆ, ಟೀಪಾಯಿ, ಕಿಟಕಿಯಿಂದ ಸುತ್ತಲೂ ಎರಡೆರಡು ಅಡಿ ಬಿಡಿ. ಇನ್ನೊಂದು ವಿಷಯ ಮಗಳಿಗೆ ಹೇಳಿಕೊಡಿ. ಪ್ಯಾಡ್ ಕೇಳುವುದು ಭಾರವನ್ನು, ಏಟನ್ನಲ್ಲ. ಹಲಗೆ ಬಂದ ಮೇಲೆ ಮುಂಗಾಲಲ್ಲಿ ಹಗುರಾಗಿ ತುಳಿದರೂ ಹತ್ತುತ್ತದೆ. ಇಷ್ಟು ದಿನ ಬಾಣ ಬರುತ್ತಿರಲಿಲ್ಲ ಅಂತ ಅವಳು ಜೋರಾಗಿ ಕುಟ್ಟುವ ಅಭ್ಯಾಸ ಮಾಡಿಕೊಂಡಿರುತ್ತಾಳೆ. ಆ ಅಭ್ಯಾಸ ಬಿಟ್ಟರೆ ಸದ್ದೂ ಅರ್ಧ ಇಳಿಯುತ್ತದೆ, ಮೊಣಕಾಲಿಗೂ ಒಳ್ಳೆಯದು. ಕೆಳಗಿನವರ ಹತ್ತಿರ ಒಂದು ಸಲ ಹೋಗಿ ಯಾವ ಹೊತ್ತಾದರೆ ತೊಂದರೆ ಇಲ್ಲ ಅಂತ ಕೇಳಿಬಿಡಿ. ಅವರು ಬಂದು ಹೇಳುವುದಕ್ಕೂ ನೀವೇ ಹೋಗಿ ಕೇಳುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಆಡುವುದು ಬರಿಗಾಲಲ್ಲಿ. ಕಾಲುಚೀಲ ಹಾಕಿದರೆ ಪ್ಲಾಸ್ಟಿಕ್ ಮೇಲೆ ಜಾರುತ್ತದೆ. ಶೂ ಮೇಲಿನ ಹಾಳೆಯನ್ನು ಸವೆಸುತ್ತದೆ. ಮೊದಲ ಎರಡು ದಿನ ಹಲಗೆಯ ಅಂಚಿಗೆ ಕಾಲ್ಬೆರಳು ಎಡವುತ್ತದೆ, ನಿಧಾನದ ಹಾಡುಗಳಿಂದ ಶುರುಮಾಡಲಿ. ಆಟ ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಬಾಗಿಲ ಹಿಂದೆ ನೆಟ್ಟಗೆ ನಿಲ್ಲಿಸಿ ಅಥವಾ ಮಂಚದ ಕೆಳಗೆ ತಳ್ಳಿ. ಬಿಸಿಲು ಬೀಳುವ ಬಾಲ್ಕನಿ ಬೇಡ.

ಕೊನೆಗೆ ಎಡ ಬಾಣ. ಕೈಯಲ್ಲಿ ಒತ್ತಿದಾಗಲೂ ಅದು ಬಿಟ್ಟು ಬಿಟ್ಟು ಬಂದರೆ ಎರಡು ಸಾಧ್ಯತೆ. ಒಂದು, ಪ್ಲಾಸ್ಟಿಕ್ ಹಾಳೆಯ ಗೆರೆಗಳು ಪೆಟ್ಟಿಗೆಯೊಳಗಿನ ಬೋರ್ಡ್‌ಗೆ ಸೇರುವ ಜಾಗ ಸಡಿಲವಾಗಿದೆ. ಅಲ್ಲಿ ಬೆಸುಗೆ ಇರುವುದಿಲ್ಲ, ಹಾಳೆಯನ್ನು ಬೋರ್ಡ್‌ಗೆ ಒಂದು ಪಟ್ಟಿಯಿಂದ ಒತ್ತಿ ಹಿಡಿದಿರುತ್ತಾರೆ. ವೈರ್ ತೆಗೆದು, ಪೆಟ್ಟಿಗೆಯ ಸ್ಕ್ರೂಗಳನ್ನು ಬಿಚ್ಚಿ, ಆ ಒತ್ತುಪಟ್ಟಿಯ ಸ್ಕ್ರೂಗಳನ್ನು ಹಗುರಾಗಿ ಬಿಗಿ ಮಾಡಿ. ವಾರಂಟಿ ಇನ್ನೂ ಇದ್ದರೆ ಬಿಚ್ಚಬೇಡಿ, ಮೊದಲು ಮಾರಿದವರನ್ನೇ ಕೇಳಿ. ಎರಡನೆಯದು, ಮಡಿಕೆಯಲ್ಲಿ ಕಾರ್ಬನ್ ಗೆರೆ ಬಿರುಕು ಬಿಟ್ಟಿದೆ. ಮಡಿಕೆಯ ಜಾಗವನ್ನು ಬೆರಳಲ್ಲಿ ಒತ್ತಿ ಹಿಡಿದಾಗ ಬಾಣ ಬಂದು, ಬಿಟ್ಟಾಗ ಹೋದರೆ ಇದೇ. ಬರಿಗಣ್ಣಿಗೆ ಅದು ಕಪ್ಪು ಗೆರೆಯ ಮೇಲೆ ಕೂದಲೆಳೆಯಷ್ಟು ಬಿಳಿ ಗೀಟಿನ ಹಾಗೆ ಕಾಣುತ್ತದೆ. ಪ್ಲಾಸ್ಟಿಕ್ ಮೇಲೆ ಬೆಸುಗೆ ಹಾಕಲು ಬರುವುದಿಲ್ಲ. ಕರೆಂಟ್ ಹರಿಯುವ ಪೇಂಟ್ ಹಚ್ಚಿ ಜೋಡಿಸಬಹುದು, ಆದರೆ ಅದು ಕಾಲ ಕೆಳಗೆ ಎಷ್ಟು ದಿನ ಬಾಳುತ್ತದೆ ಅಂತ ನಾನು ಗ್ಯಾರಂಟಿ ಕೊಡುವುದಿಲ್ಲ. ಹಾಗೇನಾದರೂ ಆಗಿದ್ದರೆ ಈ ಪ್ಯಾಡ್‌ಗೆ ಇನ್ನು ದುಡ್ಡು ಹಾಕಬೇಡಿ. ಹಲಗೆ ಮಾತ್ರ ಮಾಡಿಸಿಡಿ. ಹೊಸ ಪ್ಯಾಡ್ ಬಂದ ದಿನ ಪಟ್ಟಿಯ ಸ್ಕ್ರೂ ಬಿಚ್ಚಿ, ಒಂದು ಸಲವೂ ಮಡಚದೆ ಅದನ್ನು ನೇರವಾಗಿ ಈ ಹಲಗೆಯ ಮೇಲೆ ಕೂರಿಸಿ.